ಮಿರಜ್ ಗಾಡಿ ಹತ್ತಿದವರು ಯಾರ ಲೆಕ್ಕದಲ್ಲಿದ್ದಾರೆ? ಅಪರೂಪದ ಕ್ಯಾನ್ಸರ್‌ಗಳ ಬಗ್ಗೆ

ಬೆಳಗಾವಿಯಿಂದ ಮಿರಜ್ ಕಡೆ ಹೋಗುವ ರೈಲಿನಲ್ಲಿ ಕೂತರೆ ಒಂದು ದೃಶ್ಯ ತಪ್ಪುವುದಿಲ್ಲ. ಘಟಪ್ರಭಾ, ರಾಯಬಾಗ, ಕುಡಚಿ, ಉಗಾರ ಹೀಗೆ ಒಂದೊಂದು ನಿಲ್ದಾಣದಲ್ಲೂ ಯಾರೋ ಹತ್ತುತ್ತಾರೆ. ಕೈಯಲ್ಲಿ ಬುತ್ತಿ ಗಂಟು. ಕಂಕುಳಲ್ಲಿ ಸ್ಕ್ಯಾನ್ ಫಿಲ್ಮ್ ಇಟ್ಟ ದೊಡ್ಡ ಕವರ್. ವಿಜಯಪುರದವರು ಅದೇ ಕವರ್ ಹಿಡಿದು ಸೊಲ್ಲಾಪುರದ ಬಸ್ ಹತ್ತುತ್ತಾರೆ. ಬಾಗಲಕೋಟೆಯವರು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲೂ ಗೊತ್ತಾಗದಿದ್ದರೆ ಮುಂಬೈನ ಟಾಟಾ, ಇಲ್ಲವೇ ಬೆಂಗಳೂರಿನ ಕಿದ್ವಾಯಿ.

ಆ ಕವರ್ ಒಳಗಿನ ವರದಿಯಲ್ಲಿ ಬಾಯಿ ಕ್ಯಾನ್ಸರ್ ಅಂತಲೋ ಸ್ತನ ಕ್ಯಾನ್ಸರ್ ಅಂತಲೋ ಇದ್ದರೆ ಮನೆಯವರಿಗೆ ತಿಳಿಯುತ್ತದೆ. ಅದೇ ಬೇನೆ ಬಂದವರು ಓಣಿಯಲ್ಲಿ ಇನ್ನೊಬ್ಬರಿರುತ್ತಾರೆ. ಆದರೆ ಕೆಲವರ ವರದಿಯಲ್ಲಿ ಬಾಯಿಗೇ ಬಾರದ ಹೆಸರು ಇರುತ್ತದೆ. ಸಾರ್ಕೋಮಾ, ಥೈಮೋಮಾ, ನ್ಯೂರೋ ಎಂಡೋಕ್ರೈನ್ ಟ್ಯೂಮರ್. 'ಇಂಥಾದ್ದು ಲಕ್ಷಕ್ಕೊಬ್ಬರಿಗೆ ಬರುತ್ತದೆ' ಅಂತ ಡಾಕ್ಟರ್ ಹೇಳುತ್ತಾರೆ. ಹಾಗಾದರೆ ನಮ್ಮ ಮನೆಗೇ ಯಾಕೆ ಬಂತು ಅಂತ ಮನೆಯವರು ಕೇಳುತ್ತಾರೆ. ಆ ನೋವಿಗೆ ಯಾರ ಹತ್ತಿರವೂ ಉತ್ತರ ಇಲ್ಲ. ಆದರೆ ಇನ್ನೊಂದು ಪ್ರಶ್ನೆ ಇದೆ, ಅದನ್ನು ನಾವು ಕೇಳುವುದೇ ಇಲ್ಲ. ಲಕ್ಷಕ್ಕೊಬ್ಬರು ಅಂತ ಎಣಿಸಿದವರು ಯಾರು? ಎಲ್ಲಿ ಎಣಿಸಿದರು? ಆ ಎಣಿಕೆಯಲ್ಲಿ ನಮ್ಮ ಕುಡಚಿಯವರು, ಇಂಡಿಯವರು, ಬಾದಾಮಿಯವರು ಇದ್ದಾರಾ?

ಮೊದಲು 'ಅಪರೂಪ' ಅನ್ನುವ ಮಾತನ್ನೇ ನೋಡೋಣ. ಯುರೋಪಿನಲ್ಲಿ ಒಂದು ಲಕ್ಷ ಜನರಲ್ಲಿ ವರ್ಷಕ್ಕೆ 6ಕ್ಕಿಂತ ಕಡಿಮೆ ಮಂದಿಗೆ ಹೊಸದಾಗಿ ಕಾಣಿಸುವ ಕ್ಯಾನ್ಸರ್ ಅಪರೂಪದ್ದು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಇದೇ ಗೆರೆಯನ್ನು 15ರ ಹತ್ತಿರ ಎಳೆದಿದೆ. ಯುರೋಪಿನ ಪಟ್ಟಿಯಲ್ಲಿ ಇಂಥ 198 ಕ್ಯಾನ್ಸರ್‌ಗಳಿವೆ. ಒಂದೊಂದನ್ನೇ ನೋಡಿದರೆ ಬೆರಳೆಣಿಕೆ. ಎಲ್ಲ ಕೂಡಿಸಿದರೆ ಅಲ್ಲಿನ ಒಟ್ಟು ಕ್ಯಾನ್ಸರ್‌ಗಳಲ್ಲಿ ಶೇ. 24. ಅಂದರೆ ನಾಲ್ವರು ರೋಗಿಗಳಲ್ಲಿ ಹೆಚ್ಚುಕಡಿಮೆ ಒಬ್ಬರು. ಸ್ತನ ಕ್ಯಾನ್ಸರ್‌ನಂಥ ದೊಡ್ಡ ಹೆಸರಿನ ಕಾಯಿಲೆಗಿಂತ ದೊಡ್ಡ ಗುಂಪು ಇದು. ಆದರೆ ಇದಕ್ಕೆ ಒಂದು ರಿಬ್ಬನ್ ಇಲ್ಲ, ಒಂದು ಜಾಥಾ ಇಲ್ಲ.

ಈ ಅಂಕಿಗಳು ಬಂದ ಯುರೋಪಿನ ಅಧ್ಯಯನದ್ದೇ ಇನ್ನೊಂದು ಲೆಕ್ಕ ನನ್ನನ್ನು ಬಹಳ ದಿನ ಕಾಡಿದೆ. ಸಾಮಾನ್ಯ ಕ್ಯಾನ್ಸರ್ ಬಂದವರಲ್ಲಿ 5 ವರ್ಷ ದಾಟಿ ಬದುಕಿದವರು ಶೇ. 63.4. ಅಪರೂಪದ ಕ್ಯಾನ್ಸರ್ ಬಂದವರಲ್ಲಿ ಶೇ. 48.5. ಈ ಅಂತರ ಪೂರ್ತಿ ರೋಗದ ಸ್ವಭಾವದಿಂದ ಬಂದದ್ದಲ್ಲ. ಗುರುತು ಹಿಡಿಯುವುದು ತಡವಾಗುತ್ತದೆ. ಮೊದಲು ನೋಡಿದ ಡಾಕ್ಟರ್ ಅಂಥ ರೋಗವನ್ನು ತಮ್ಮ ಜೀವಮಾನದಲ್ಲಿ ಒಂದೋ ಎರಡೋ ಸಲ ಕಂಡಿರುತ್ತಾರೆ. ಔಷಧಿ ಪರೀಕ್ಷಿಸೋಣ ಅಂದರೆ ಬೇಕಾದಷ್ಟು ರೋಗಿಗಳು ಒಂದೇ ಕಡೆ ಸಿಗುವುದಿಲ್ಲ.

ಯುರೋಪಿನ ಈ ಗೆರೆಯನ್ನು ಹಾಗೇ ತಂದು ಭಾರತದ ಮೇಲೆ ಎಳೆದರೆ ಏನಾಗುತ್ತದೆ? ಹೊಟ್ಟೆಯ ಕ್ಯಾನ್ಸರ್ ತಗೊಳ್ಳಿ. 2022ರ ಜಾಗತಿಕ ಅಂದಾಜಿನಲ್ಲಿ ಭಾರತಕ್ಕೆ ಸುಮಾರು 65 ಸಾವಿರ ಹೊಸ ರೋಗಿಗಳು. 140 ಕೋಟಿ ಜನಕ್ಕೆ ಹಂಚಿದರೆ ಲಕ್ಷಕ್ಕೆ 5 ಕೂಡ ಆಗುವುದಿಲ್ಲ. ಹಾಗಾದರೆ ಇದು ಅಪರೂಪದ ಕ್ಯಾನ್ಸರ್ ಅಂತಾಯಿತು! ಆದರೆ ಮಿಜೋರಾಂನ ಐಜ್ವಾಲ್‌ನಲ್ಲಿ ಈ ಮಾತು ಹೇಳಿದರೆ ಜನ ಮುಖ ನೋಡುತ್ತಾರೆ. ಅಲ್ಲಿ ಗಂಡಸರನ್ನು ಹೆಚ್ಚು ಕಾಡುವ ಕ್ಯಾನ್ಸರ್‌ಗಳಲ್ಲಿ ಇದೂ ಒಂದು. ಪಿತ್ತಕೋಶದ ಕ್ಯಾನ್ಸರ್ ನಮ್ಮ ಕಡೆ ಕಡಿಮೆ, ಗಂಗಾ ಬಯಲಿನಲ್ಲಿ ಜಾಸ್ತಿ. ಮೂಗಿನ ಹಿಂಭಾಗದಲ್ಲಿ ಗಂಟಲಿಗೆ ಸೇರುವ ಜಾಗದ ಕ್ಯಾನ್ಸರ್ ದೇಶದ ಬೇರೆಡೆ ತೀರಾ ವಿರಳ, ನಾಗಾಲ್ಯಾಂಡ್‌ನಲ್ಲಿ ಅಲ್ಲ. ಇನ್ನು ಬಾಯಿ ಕ್ಯಾನ್ಸರ್ ಇದೆಯಲ್ಲ, ಗುಟ್ಕಾ, ತಂಬಾಕು, ಅಡಿಕೆಯ ನಮ್ಮ ನಾಡಿನಲ್ಲಿ ಅದು ಗಂಡಸರ ದೊಡ್ಡ ಶತ್ರು. ಯುರೋಪಿನ ಪಟ್ಟಿಯಲ್ಲಿ ಅದು ಅಪರೂಪದವುಗಳ ಜೊತೆ ಕೂತಿದೆ.

ನಮ್ಮಲ್ಲಿ ಅಂಕಿ ಕಡಿಮೆ ಕಾಣಲು ಇನ್ನೊಂದು ಕಾರಣವಿದೆ. ನಮ್ಮ ದೇಶದಲ್ಲಿ ಚಿಕ್ಕ ವಯಸ್ಸಿನವರು ಜಾಸ್ತಿ. ಕ್ಯಾನ್ಸರ್ ಹೆಚ್ಚಾಗಿ ವಯಸ್ಸಾದವರ ಕಾಯಿಲೆ. ಭಾರತದಲ್ಲಿ ಎಲ್ಲ ಕ್ಯಾನ್ಸರ್ ಕೂಡಿಸಿದರೂ ವರ್ಷಕ್ಕೆ ಲಕ್ಷಕ್ಕೆ ಸುಮಾರು 100 ಹೊಸ ರೋಗಿಗಳು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2022ಕ್ಕೆ ಅಂದಾಜು ಕೊಟ್ಟಿದೆ. ಮುಪ್ಪಿನವರು ಹೆಚ್ಚಿರುವ ಶ್ರೀಮಂತ ದೇಶಗಳಲ್ಲಿ ಇದು ಹಲವು ಪಟ್ಟು. ಹೀಗಿರುವಾಗ ಅವರ 6ರ ಗೆರೆ ನಮಗೆ ಎತ್ತರವಾಯಿತು. ಅದರ ಕೆಳಗೆ ಬಹುತೇಕ ಹೆಸರುಗಳು ಬಂದುಬಿಡುತ್ತವೆ. ಭಾರತಕ್ಕೆ ಗೆರೆ ಇನ್ನೂ ಕೆಳಗಿರಬೇಕು ಅನ್ನುವ ವಾದ ನನಗೆ ಸರಿ ಅನಿಸುತ್ತದೆ.

ಈಗ ನಮ್ಮ ಮೂರು ಜಿಲ್ಲೆಗೆ ಬರೋಣ. 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನ 47.8 ಲಕ್ಷ, ವಿಜಯಪುರ 21.8 ಲಕ್ಷ, ಬಾಗಲಕೋಟೆ 18.9 ಲಕ್ಷ. ಒಟ್ಟು 88 ಲಕ್ಷ ದಾಟುತ್ತದೆ. ಐಸಿಎಂಆರ್ ಹೇಳುವ ಸರಾಸರಿಯಂತೆ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 8,800 ಹೊಸ ರೋಗಿಗಳು. ಅದರಲ್ಲಿ ಐದರಲ್ಲಿ ಒಂದು ಪಾಲು ಅಪರೂಪದ್ದು ಅಂತ ಇಟ್ಟುಕೊಂಡರೂ 1,700 ಮನೆಗಳು. ಇದು ಸುಮ್ನೆ ಕೈಲೆಕ್ಕ, ಮನೆ ಮನೆ ಎಣಿಸಿ ಬಂದದ್ದಲ್ಲ. ಆದರೂ ಪ್ರಮಾಣ ಎಷ್ಟು ಅಂತ ತಿಳಿಯುತ್ತದೆ. ಪ್ರತಿ ವರ್ಷ 1,700 ಮನೆಗಳಿಗೆ 'ಇಂಥಾದ್ದು ಲಕ್ಷಕ್ಕೊಬ್ಬರಿಗೆ' ಅಂತ ಹೇಳುತ್ತಿದ್ದೇವೆ!

ಈ ಕೈಲೆಕ್ಕದ ಜಾಗದಲ್ಲಿ ನಿಜವಾದ ಎಣಿಕೆ ಇರಬೇಕಿತ್ತು. ಅದು ಯಾಕಿಲ್ಲ?

ಐಸಿಎಂಆರ್ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು 1981ರ ಕೊನೆಗೆ ಆರಂಭಿಸಿತು. ಊರಿನ ಎಲ್ಲ ಜನರನ್ನು ಲೆಕ್ಕಕ್ಕೆ ಹಿಡಿಯುವ ಕೇಂದ್ರಗಳು ಮೊದಲು ಬಂದದ್ದು ಬೆಂಗಳೂರು, ಮುಂಬೈ ಮತ್ತು ಚೆನ್ನೈಗೆ. ಈ ಕೆಲಸದ ಕೇಂದ್ರ ಕಚೇರಿಯೇ ಈಗ ಬೆಂಗಳೂರಿನಲ್ಲಿದೆ. ಆದರೂ 2020ರ ವರದಿಯಲ್ಲಿದ್ದ 28 ಕೇಂದ್ರಗಳಲ್ಲಿ ಕರ್ನಾಟಕದ್ದು ಒಂದೇ. ಅದು ಬೆಂಗಳೂರು. ಅದೇ ವರದಿಯಲ್ಲಿ ಮಹಾರಾಷ್ಟ್ರದ್ದು ಎಷ್ಟಿದೆ ನೋಡಿ: ಮುಂಬೈ, ಪುಣೆ, ನಾಗಪುರ, ಔರಂಗಾಬಾದ್, ವಾರ್ಧಾ, ಉಸ್ಮಾನಾಬಾದ್ ಮತ್ತು ಬೀಡ್, ಜೊತೆಗೆ ಬಾರ್ಶಿ. ಆಮೇಲೆ ದೇಶದಲ್ಲಿ ಕೇಂದ್ರಗಳು ಹೆಚ್ಚಿವೆ. 2015ರಿಂದ 2019ರವರೆಗಿನ ಇತ್ತೀಚಿನ ವಿಶ್ಲೇಷಣೆಯಲ್ಲಿ 43 ಕೇಂದ್ರಗಳ 7 ಲಕ್ಷಕ್ಕೂ ಹೆಚ್ಚು ರೋಗಿಗಳ ಮಾಹಿತಿ ಇದೆ. ಆದರೂ ಇವು ಮುಟ್ಟುವ ಜನಸಂಖ್ಯೆ ದೇಶದ ಐದನೇ ಒಂದು ಭಾಗಕ್ಕಿಂತ ಕಡಿಮೆ. ದೇಶದ ಅಂದಾಜು ಅಂತ ನಾವು ಪತ್ರಿಕೆಯಲ್ಲಿ ಓದುವುದು ಇಷ್ಟರಿಂದ ಹಿಗ್ಗಿಸಿದ ಅಂಕಿ. ಸ್ತನ, ಬಾಯಿ, ಶ್ವಾಸಕೋಶದ ವಿಷಯದಲ್ಲಿ ಹಿಗ್ಗಿಸಿದರೂ ದೊಡ್ಡ ಮೋಸ ಇಲ್ಲ. ಲಕ್ಷಕ್ಕೆ ಅರ್ಧದಷ್ಟು ಬರುವ ರೋಗವನ್ನು ಹೀಗೆ ಹಿಗ್ಗಿಸಲು ಹೋದರೆ ಬಟ್ಟೆ ಹರಿಯುತ್ತದೆ.

ಬಾರ್ಶಿಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅದು ನಮ್ಮ ಪಕ್ಕದ ಸೊಲ್ಲಾಪುರ ಜಿಲ್ಲೆಯದು. ಅದೇ ಜೋಳದ ಹೊಲ, ಅದೇ ಮಳೆ ಕೈಕೊಡುವ ನೆಲ, ನಮ್ಮಂಥದೇ ಜನ. 1987ರಲ್ಲಿ ಅಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯಿತು. ಬಾರ್ಶಿ, ಪರಂಡಾ, ಭೂಮ್ ತಾಲ್ಲೂಕುಗಳ ಹಳ್ಳಿಗಳು ಅದರ ವ್ಯಾಪ್ತಿ. ನಗರದಲ್ಲಿ ನೋಂದಣಿ ಸಿಬ್ಬಂದಿ ಆಸ್ಪತ್ರೆ, ಲ್ಯಾಬು, ಸಾವಿನ ದಾಖಲೆ ನೋಡಿಕೊಂಡು ಬಂದರೆ ಕೆಲಸ ನಡೆಯುತ್ತದೆ. ಹಳ್ಳಿಯಲ್ಲಿ ಅದು ಆಗುವುದಿಲ್ಲ. ಎಷ್ಟೋ ಜನ ಆಸ್ಪತ್ರೆ ಮೆಟ್ಟಿಲನ್ನೇ ಹತ್ತುವುದಿಲ್ಲ. ಆದ್ದರಿಂದ ಬಾರ್ಶಿಯವರೇ ಹಳ್ಳಿಗೆ ಹೋದರು. ಕ್ಯಾನ್ಸರ್‌ನ ಲಕ್ಷಣ ಏನು ಅಂತ ಜನರಿಗೆ ವಿವರಿಸಿದರು. ಅನುಮಾನ ಬಂದವರನ್ನು ಆಸ್ಪತ್ರೆಗೆ ಕರೆತಂದರು. ಅಲ್ಲಿ ಎಣಿಸುವ ಕೆಲಸವೂ ರೋಗ ಹುಡುಕುವ ಕೆಲಸವೂ ಒಂದೇ ಆಯಿತು. ಹಳ್ಳಿಗೆ ಹೋಗಿ ಎಣಿಸಲು ಆಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಬಾರ್ಶಿಯ ಹೆಸರು ಹೇಳುತ್ತೇನೆ.

ಬಾರ್ಶಿಯಲ್ಲಿ ಎಣಿಸಿದ್ದರಿಂದ ತಿಳಿದದ್ದರಲ್ಲಿ ಒಂದು, ಗಂಡಸರ ಜನನಾಂಗದ ಕ್ಯಾನ್ಸರ್. ಇದು ಯುರೋಪಿನಲ್ಲಿ ಬಹಳ ಅಪರೂಪ. ನಮ್ಮ ನಗರಗಳಲ್ಲೂ ಕಡಿಮೆ. ಹಳ್ಳಿಯಲ್ಲಿ ಜಾಸ್ತಿ. ಮುಂದೊಗಲು ಹಿಂದೆ ಸರಿಯದೆ ಒಳಗೆ ಕೊಳೆ ನಿಲ್ಲುವುದು, ಎಚ್‌ಪಿವಿ ಅನ್ನುವ ವೈರಸ್, ತಂಬಾಕು ಇದಕ್ಕೆ ದಾರಿ ಮಾಡುತ್ತವೆ. ಆರಂಭದಲ್ಲೇ ಬಂದರೆ ಸಣ್ಣ ಚಿಕಿತ್ಸೆಯಲ್ಲಿ ಮುಗಿಯುತ್ತದೆ. ಆದರೆ ನಮ್ಮ ಗಂಡಸರು ಇದನ್ನು ಹೆಂಡತಿಗೂ ಹೇಳುವುದಿಲ್ಲ. ನಾಚಿಕೆಯಿಂದ ತಿಂಗಳುಗಟ್ಟಲೆ ಮುಚ್ಚಿಟ್ಟು, ವಾಸನೆ ಬರಲು ಶುರುವಾದ ಮೇಲೆ ಬರುತ್ತಾರೆ. ಬೀಡಿ ಸೇದಬೇಡಿ ಅಂತ ಗೋಡೆ ಮೇಲೆ ಬರೆಯುತ್ತೇವೆ. ಇದನ್ನು ಯಾವ ಗೋಡೆಯ ಮೇಲೂ ನಾನು ಕಂಡಿಲ್ಲ.

ಇನ್ನು ಗಡಿಯ ಸಮಸ್ಯೆ. ನೋಂದಣಿಯಲ್ಲಿ ರೋಗಿಯನ್ನು ಸೇರಿಸುವುದು ಚಿಕಿತ್ಸೆ ಪಡೆದ ಊರಿನ ಲೆಕ್ಕಕ್ಕಲ್ಲ, ವಾಸವಿರುವ ಊರಿನ ಲೆಕ್ಕಕ್ಕೆ. ಕನಿಷ್ಠ ಒಂದು ವರ್ಷದಿಂದ ಅಲ್ಲಿ ವಾಸವಿರಬೇಕು. ಈ ನಿಯಮ ಸರಿಯಾದದ್ದೇ. ಇಲ್ಲದಿದ್ದರೆ ದೊಡ್ಡ ಆಸ್ಪತ್ರೆ ಇರುವ ಊರೆಲ್ಲ ಕ್ಯಾನ್ಸರ್ ಊರಿನ ಹಾಗೆ ಕಾಣುತ್ತದೆ. ಆದರೆ ನಮ್ಮವರಿಗೆ ಇದರಿಂದ ಏನಾಗುತ್ತದೆ ನೋಡಿ. ರಾಯಬಾಗದ ಹೆಣ್ಣುಮಗಳು ಮಿರಜ್‌ನಲ್ಲಿ ಚಿಕಿತ್ಸೆ ಪಡೆದಳು. ಆಸ್ಪತ್ರೆಯ ಪುಸ್ತಕದಲ್ಲಿ ಹೆಸರಿದೆ. ಮಹಾರಾಷ್ಟ್ರದ ಯಾವ ಜನಸಂಖ್ಯೆಯ ಲೆಕ್ಕಕ್ಕೂ ಅವಳು ಬರುವುದಿಲ್ಲ. ಅವಳ ಜಿಲ್ಲೆಯಲ್ಲಿ ಲೆಕ್ಕ ಇಡುವ ಕೇಂದ್ರ ಇಲ್ಲದಿದ್ದರೆ ಇಲ್ಲಿಯೂ ಬರುವುದಿಲ್ಲ. ಇಂಡಿ ತಾಲ್ಲೂಕಿನ ಕುಟುಂಬ ಗೋವಾಕ್ಕೋ ಪುಣೆಗೋ ದುಡಿಯಲು ಹೋಗಿ ವರ್ಷದಲ್ಲಿ ಎಂಟು ತಿಂಗಳು ಅಲ್ಲೇ ಇರುತ್ತದೆ. ಅವರು ಯಾವ ಊರಿನವರು? ಸತ್ತ ಮೇಲಾದರೂ ತಿಳಿಯಬಹುದು ಅಂದುಕೊಂಡರೆ ಅದೂ ಕಷ್ಟ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು ಶೇ. 22.5 ಮಾತ್ರ. ಉಳಿದವರು ಯಾವುದರಿಂದ ಹೋದರು ಅನ್ನುವುದು ಮನೆಯವರ ನೆನಪಿನಲ್ಲಷ್ಟೇ ಇದೆ.

ಹಾಗಾದರೆ ಈ ಕ್ಯಾನ್ಸರ್‌ಗಳು ಹೆಚ್ಚುತ್ತಿವೆಯೋ ಕಡಿಮೆಯಾಗುತ್ತಿವೆಯೋ? ಎಲ್ಲರೂ ಕೇಳುವ ಪ್ರಶ್ನೆ ಇದು. ಇಲ್ಲಿ ತುಂಬಾ ಎಚ್ಚರ ಬೇಕು. ಅಂಕಿ ಏರಿದ ತಕ್ಷಣ ರೋಗ ಏರಿತು ಅಂತ ಅಲ್ಲ.

ಕರುಳು, ಮೇದೋಜೀರಕದಂಥ ಕಡೆ ಬೆಳೆಯುವ ನ್ಯೂರೋ ಎಂಡೋಕ್ರೈನ್ ಗೆಡ್ಡೆಗಳು ಅಮೆರಿಕದಲ್ಲಿ 1973ರಲ್ಲಿ ಲಕ್ಷಕ್ಕೆ 1.09 ಇದ್ದವು. 2012ಕ್ಕೆ 6.98. ಆರು ಪಟ್ಟಿಗಿಂತ ಜಾಸ್ತಿ! ಇದರ ದೊಡ್ಡ ಭಾಗ ಕಣ್ಣು ತೆರೆದದ್ದರಿಂದ ಬಂದದ್ದು. ಸಿಟಿ ಸ್ಕ್ಯಾನ್ ಬಂತು, ಎಂಡೋಸ್ಕೋಪಿ ಬಂತು, ಲ್ಯಾಬಿನಲ್ಲಿ ಬಣ್ಣ ಹಾಕಿ ಗುರುತಿಸುವ ಹೊಸ ವಿಧಾನ ಬಂತು. ಮೊದಲು ಕಾಣದೆ ಉಳಿಯುತ್ತಿದ್ದ ಸಣ್ಣ ಗೆಡ್ಡೆಗಳು ಈಗ ಕಾಣುತ್ತಿವೆ.

ಇನ್ನೊಂದು ಉದಾಹರಣೆ ಜಿಸ್ಟ್. ಹೊಟ್ಟೆ ಮತ್ತು ಕರುಳಿನ ಗೋಡೆಯಲ್ಲಿ ಬೆಳೆಯುವ ಗೆಡ್ಡೆ. ಹಳೆಯ ದಾಖಲೆಗಳಲ್ಲಿ ಈ ಹೆಸರು ಸಿಗುವುದೇ ಕಷ್ಟ. ಎಷ್ಟೋ ವರ್ಷ ಇದನ್ನು ಸ್ನಾಯುವಿನ ಕ್ಯಾನ್ಸರ್ ಅಂತಲೇ ಬರೆಯುತ್ತಿದ್ದರು. 1998ರಲ್ಲಿ ಜಪಾನಿನ ಸಂಶೋಧಕರು ಇದರ ಹಿಂದೆ ಕಿಟ್ ಅನ್ನುವ ಜೀನ್‌ನ ದೋಷ ಇದೆ ಅಂತ ತೋರಿಸಿದರು. ಆಮೇಲೆ ದಾಖಲೆಗಳಲ್ಲಿ ಜಿಸ್ಟ್ ಏರಿತು, ಸ್ನಾಯುವಿನ ಕ್ಯಾನ್ಸರ್ ಇಳಿಯಿತು. ಗೆಡ್ಡೆ ಅದೇ, ಹೆಸರು ಬದಲಾಯಿತು. ಹೆಸರು ಬದಲಾದದ್ದರಿಂದ ಜೀವಗಳು ಉಳಿದವು ಅನ್ನುವುದು ಇನ್ನೂ ದೊಡ್ಡ ಮಾತು. ಒಂದು ಬಗೆಯ ರಕ್ತ ಕ್ಯಾನ್ಸರ್‌ಗೆ ಬಂದಿದ್ದ ಇಮ್ಯಾಟಿನಿಬ್ ಮಾತ್ರೆ ಜಿಸ್ಟ್‌ಗೂ ಕೆಲಸ ಮಾಡಿತು. ಮೊದಲು ಕೈಚೆಲ್ಲುತ್ತಿದ್ದ ರೋಗಿಗಳು ಮನೆಯಲ್ಲಿ ಮಾತ್ರೆ ನುಂಗಿಕೊಂಡು ವರ್ಷಗಟ್ಟಲೆ ಬದುಕಿದರು. ಈ ಮಾತ್ರೆಯ ಪೇಟೆಂಟ್ ವಿವಾದದಲ್ಲಿ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು. ಕಡಿಮೆ ಬೆಲೆಯ ದೇಶಿ ಮಾತ್ರೆ ಉಳಿದುಕೊಂಡಿತು. ವರದಿಯಲ್ಲಿ ಸರಿಯಾದ ಹೆಸರು ಇಲ್ಲದಿದ್ದರೆ ಈ ಮಾತ್ರೆ ರೋಗಿಯ ಕೈಗೆ ಬರುವುದೇ ಇಲ್ಲ, ಅಲ್ವಾ?

ಹಾಗೇ ಇಳಿಯುವ ರೋಗಗಳೂ ಇವೆ. ಆಗಲೇ ಹೇಳಿದ ಗಂಡಸರ ಜನನಾಂಗದ ಕ್ಯಾನ್ಸರ್ ಮುಂಬೈನಂಥ ನಗರಗಳಲ್ಲಿ ದಶಕಗಳಿಂದ ಇಳಿಯುತ್ತಾ ಬಂದಿದೆ.

ಹಳ್ಳಿ ಕಟ್ಟೆಯ ಮೇಲೆ ಮಾತು ಬೇರೆ ನಡೆಯುತ್ತದೆ. 'ನಮ್ಮೂರಾಗ ಕ್ಯಾನ್ಸರ್ ಭಾಳ ಆಗ್ಯಾವ.' ಕಬ್ಬಿಗೆ ಹೊಡೆಯುವ ಔಷಧಿ, ಬೋರ್‌ವೆಲ್ ನೀರು, ಕಾರ್ಖಾನೆಯ ಹೊಗೆ, ಮೊಬೈಲ್ ಟವರ್ ಹೀಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಈ ಅನುಮಾನವನ್ನು ತಳ್ಳಿಹಾಕುವುದು ತಪ್ಪು. ಹಾಗೇ ನಂಬುವುದೂ ತಪ್ಪು. ಒಂದು ತಾಲ್ಲೂಕಿನಲ್ಲಿ ಒಂದು ರೋಗ ವರ್ಷಕ್ಕೆ ಸರಾಸರಿ 4 ಜನಕ್ಕೆ ಬರುತ್ತದೆ ಅಂತ ತಿಳಿಯಿರಿ. ಏನೂ ಬದಲಾಗದೆಯೂ ಒಂದು ವರ್ಷ ಒಬ್ಬರು, ಮರುವರ್ಷ ಏಳು ಜನ ಆಗಬಹುದು. ಆ ಏಳು ಜನರ ವರ್ಷದಲ್ಲಿ ಊರು ನಡುಗುತ್ತದೆ. ಅದು ಬರೀ ಆಕಸ್ಮಿಕವೋ ನೀರಿನ ದೋಷವೋ ಅಂತ ಹೇಳಬೇಕಾದರೆ ಹಿಂದಿನ ಹತ್ತು ಹದಿನೈದು ವರ್ಷದ ಎಣಿಕೆ ಕೈಯಲ್ಲಿರಬೇಕು.

ಕೇರಳದ ಕರುನಾಗಪ್ಪಳ್ಳಿಯಲ್ಲಿ ಅಂಥ ಎಣಿಕೆ ಇತ್ತು. ಅಲ್ಲಿನ ಕಡಲ ಮರಳಿನಲ್ಲಿ ಥೋರಿಯಂ ಇದೆ. ನೆಲದಿಂದಲೇ ವಿಕಿರಣ ಬರುತ್ತದೆ. ಜನರಿಗೆ ಭಯ ಇತ್ತು. 1990ರಿಂದ ಅಲ್ಲಿ ನೋಂದಣಿ ಮಾಡಿ, ಮನೆಮನೆಯ ವಿಕಿರಣ ಅಳೆದು, ವರ್ಷಗಟ್ಟಲೆ ಹಿಂಬಾಲಿಸಿದರು. 2009ರಲ್ಲಿ ಬಂದ ಫಲಿತಾಂಶದಲ್ಲಿ ಆ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದ್ದು ಕಂಡುಬರಲಿಲ್ಲ. ಅವರಿಗೆ ಒಂದು ಉತ್ತರ ಸಿಕ್ಕಿತು. ನಮ್ಮ ಕಟ್ಟೆಯ ಅನುಮಾನಕ್ಕೆ ಹೌದು ಅಂತಲೂ ಇಲ್ಲ ಅಂತಲೂ ಉತ್ತರ ಸಿಗುತ್ತಿಲ್ಲ.

ಮಕ್ಕಳ ವಿಷಯಕ್ಕೆ ಬಂದರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಮಕ್ಕಳ ಕ್ಯಾನ್ಸರ್ ಎಲ್ಲವೂ ಹೆಚ್ಚುಕಡಿಮೆ ಅಪರೂಪದ ಗುಂಪಿನವೇ. ಶ್ರೀಮಂತ ದೇಶಗಳಲ್ಲಿ ಶೇ. 80ಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ. 2030ರ ಹೊತ್ತಿಗೆ ಎಲ್ಲ ಕಡೆ ಕನಿಷ್ಠ ಶೇ. 60 ಮಕ್ಕಳಾದರೂ ಬದುಕಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಗುರಿ ಇಟ್ಟಿತು. ಕಣ್ಣಿನ ರೆಟಿನೋಬ್ಲಾಸ್ಟೋಮಾ ಸುಮಾರು 15ರಿಂದ 20 ಸಾವಿರ ಹೆರಿಗೆಗೆ ಒಂದು ಮಗುವಿಗೆ ಬರುತ್ತದೆ. ನಮ್ಮ ಮೂರು ಜಿಲ್ಲೆಯಲ್ಲಿ ವರ್ಷಕ್ಕೆ ಒಂದೂವರೆ ಲಕ್ಷ ಮಕ್ಕಳು ಹುಟ್ಟುತ್ತಾರೆ ಅಂತ ಇಟ್ಟುಕೊಂಡರೆ ಎಂಟೋ ಹತ್ತೋ ಮಕ್ಕಳು. ಫೋಟೋ ತೆಗೆದಾಗ ಕಣ್ಣಪಾಪೆ ಕತ್ತಲಲ್ಲಿ ಬೆಕ್ಕಿನ ಕಣ್ಣಿನ ಹಾಗೆ ಬೆಳ್ಳಗೆ ಹೊಳೆಯುತ್ತದೆ. ಅಥವಾ ಮಗುವಿಗೆ ಮೆಳ್ಳಗಣ್ಣು ಕಾಣಿಸುತ್ತದೆ. ಮೆಳ್ಳಗಣ್ಣು ಅದೃಷ್ಟ ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದರು. ದಯವಿಟ್ಟು ಹಾಗೆ ಅಂದುಕೊಂಡು ಕೂರಬೇಡಿ, ಅದೇ ವಾರ ಕಣ್ಣಿನ ಡಾಕ್ಟರಿಗೆ ತೋರಿಸಿ. ಬೇಗ ಹಿಡಿದರೆ ಜೀವ ಉಳಿಯುತ್ತದೆ, ಎಷ್ಟೋ ಸಲ ಕಣ್ಣೂ ಉಳಿಯುತ್ತದೆ. ಈ ಮಕ್ಕಳಲ್ಲಿ ಶೇ. 40ರಷ್ಟು ಜನರಿಗೆ ದೋಷ ಹುಟ್ಟಿನಿಂದಲೇ ದೇಹದ ಎಲ್ಲ ಜೀವಕೋಶಗಳಲ್ಲಿ ಇರುತ್ತದೆ. ಹಾಗಾಗಿ ಅಣ್ಣ ತಂಗಿಯರ ಕಣ್ಣನ್ನೂ ಪರೀಕ್ಷಿಸಬೇಕು. ಸೋದರಮಾವನನ್ನು ಮದುವೆಯಾದದ್ದಕ್ಕೆ ಹೀಗಾಯಿತು ಅಂತ ತಾಯಿಯ ಮೇಲೆ ಗೂಬೆ ಕೂರಿಸುತ್ತಾರೆ. ಈ ರೋಗ ಹರಿದುಬರುವ ರೀತಿಯೇ ಬೇರೆ. ರಕ್ತಸಂಬಂಧದ ಮದುವೆ ಇದಕ್ಕೆ ಕಾರಣ ಅಲ್ಲ.

ಹತ್ತರಿಂದ ಇಪ್ಪತ್ತು ವರ್ಷದ ಮಕ್ಕಳಿಗೆ ಮೊಣಕಾಲಿನ ಹತ್ತಿರ ಬರುವ ಎಲುಬಿನ ಕ್ಯಾನ್ಸರ್‌ನ ಕಥೆಯೂ ಇಂಥದ್ದೇ. ಕಬಡ್ಡಿ ಆಡುವಾಗ ಬಿದ್ದ, ಉಳುಕಿದೆ ಅಂತ ತಿಕ್ಕಿಸುತ್ತಾರೆ. ಎಣ್ಣೆ, ಪಟ್ಟು, ಮತ್ತೆ ತಿಕ್ಕುವುದು. ಉಳುಕಿನ ನೋವು ವಾರ ಎರಡು ವಾರದಲ್ಲಿ ಇಳಿಯಬೇಕು. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ದಿನದಿನಕ್ಕೆ ಹೆಚ್ಚುವ ಬಾವು ಇದ್ದರೆ ತಿಕ್ಕಿಸುವುದನ್ನು ನಿಲ್ಲಿಸಿ. ಒಂದು ಎಕ್ಸ್‌ರೇ ತೆಗೆಸಿ. ಅದು ಎಲ್ಲ ತಾಲ್ಲೂಕು ಊರಿನಲ್ಲೂ ಸಿಗುತ್ತದೆ.

ನಮ್ಮ ಮನೆಯಲ್ಲೇ ನಡೆದ ಒಂದು ಮಾತು ಹೇಳುತ್ತೇನೆ. ಹತ್ತಿರದ ಸಂಬಂಧಿಕರೊಬ್ಬರಿಗೆ ತೊಡೆಯಲ್ಲಿ ಗಂಟಾಗಿತ್ತು. ನೋವಿರಲಿಲ್ಲ. ಕೊಬ್ಬಿನ ಗಂಟು ಅಂತ ಒಂದು ಖಾಸಗಿ ಆಸ್ಪತ್ರೆಯಲ್ಲಿ ತೆಗೆದರು. ತೆಗೆದ ಗಂಟನ್ನು ಪರೀಕ್ಷೆಗೆ ಕಳಿಸಲಿಲ್ಲ. ನಾವೂ ಕೇಳಲಿಲ್ಲ, ಕೇಳಬೇಕು ಅಂತ ಗೊತ್ತಿರಲಿಲ್ಲ. ಎಂಟು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಬಂತು. ಈ ಸಲ ಬೇರೆ ಕಡೆ ತೋರಿಸಿದಾಗ ಸಾರ್ಕೋಮಾ, ಅಂದರೆ ಮಾಂಸ, ಕೊಬ್ಬು, ಎಲುಬಿನಂಥ ಕಡೆ ಹುಟ್ಟುವ ಕ್ಯಾನ್ಸರ್, ಅಂದರು. ಮೊದಲ ಸಲದ ಗಂಟು ಎಲ್ಲಿ ಹೋಯಿತು ಅಂತ ಯಾರಿಗೂ ಗೊತ್ತಿಲ್ಲ. ಆ ಎಂಟು ತಿಂಗಳು ನಮ್ಮ ಕೈಗೆ ಮತ್ತೆ ಬರಲಿಲ್ಲ.

5 ಸೆಂಟಿಮೀಟರಿಗಿಂತ ದೊಡ್ಡದಾದ, ಅಂದರೆ ದೊಡ್ಡ ನಿಂಬೆಹಣ್ಣಿನ ಗಾತ್ರ ದಾಟಿದ ಗಂಟು, ಬೆಳೆಯುತ್ತಿರುವ ಗಂಟು, ಮಾಂಸದ ಆಳದಲ್ಲಿರುವ ಗಂಟು. ಇವನ್ನು ಸ್ಕ್ಯಾನ್ ಮಾಡದೆ, ಸಣ್ಣ ತುಂಡು ಪರೀಕ್ಷಿಸದೆ ಕೊಯ್ಯಬಾರದು. ಸೂಜಿ ಚುಚ್ಚಿದರೆ ಹರಡುತ್ತದೆ ಅಂತ ನಮ್ಮಲ್ಲಿ ಹೆದರುತ್ತಾರೆ. ತಿಳಿದವರು ಸರಿಯಾದ ಜಾಗದಲ್ಲಿ ತೆಗೆದ ತುಂಡಿನಿಂದ ಆಗುವ ಲಾಭಕ್ಕೆ ಆ ಹೆದರಿಕೆ ಅಡ್ಡ ಬರಬಾರದು. ಗೊತ್ತಿಲ್ಲದೆ ಪೂರ್ತಿ ಕೊಯ್ದರೆ ಆಗುವ ಹಾನಿಯೇ ದೊಡ್ಡದು.

ನಮ್ಮ ಭಾಗ ಈಗ ಬರಿಗೈಯಲ್ಲಿಲ್ಲ. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಹೊಸ ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿ ದ್ರೌಪದಿ ಮುರ್ಮು 2025ರ ಜನವರಿಯಲ್ಲಿ ಉದ್ಘಾಟಿಸಿದರು. ಮೂರೂ ಜಿಲ್ಲೆಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಅವುಗಳಲ್ಲಿ ತುಂಡು ಪರೀಕ್ಷೆ ಮಾಡುವ ವಿಭಾಗಗಳಿವೆ. 2012ರಲ್ಲಿ ಶುರುವಾದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್‌ನಲ್ಲಿ ದೇಶದ 300ಕ್ಕೂ ಹೆಚ್ಚು ಸಂಸ್ಥೆಗಳು ಸೇರಿವೆ. ಕಷ್ಟದ ಪ್ರಕರಣವನ್ನು ದೂರದ ತಜ್ಞರ ಜೊತೆ ಚರ್ಚಿಸಲು ದಾರಿ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆಸ್ಪತ್ರೆಗಳು ಬಂದಿವೆ. ಅವುಗಳ ದಾಖಲೆಗಳನ್ನು ಹೊಲಿಯುವ ದಾರ ಬಂದಿಲ್ಲ. 88 ಲಕ್ಷ ಜನರ ಈ ಮೂರು ಜಿಲ್ಲೆಗೆ ಬಾರ್ಶಿಯ ಹಾಗೆ ಹಳ್ಳಿಗೆ ಹೋಗಿ ಎಣಿಸುವ ಒಂದು ನೋಂದಣಿ ಕೇಂದ್ರ ಬೇಕು. ಮಿರಜ್, ಸಾಂಗ್ಲಿ, ಕೊಲ್ಹಾಪುರ, ಸೊಲ್ಲಾಪುರದ ಆಸ್ಪತ್ರೆಗಳಿಂದ ಗಡಿ ದಾಟಿ ಮಾಹಿತಿ ಬರುವ ಒಪ್ಪಂದ ಅದರ ಜೊತೆಗೇ ಬೇಕು. ನಮ್ಮ ಶಾಸಕರು ಚಳಿಗಾಲದ ಅಧಿವೇಶನಕ್ಕೆ ಸುವರ್ಣ ವಿಧಾನಸೌಧಕ್ಕೆ ಬಂದಾಗ ಕೇಳಬೇಕಾದ ಪ್ರಶ್ನೆ ಇದು.

ಅಲ್ಲಿಯವರೆಗೆ ಕವರ್ ಹಿಡಿದು ಹೊರಟವರಿಗೆ ನಾನು ಹೇಳುವುದು ಇಷ್ಟು. ದೇಹದಿಂದ ಏನೇ ತೆಗೆದರೂ ಲ್ಯಾಬಿಗೆ ಕಳಿಸಿ ಅಂತ ಬಾಯಿಬಿಟ್ಟು ಕೇಳಿ. ವರದಿಯಲ್ಲಿ ಅಪರೂಪದ ಹೆಸರು ಬಂದರೆ ಆ ತುಂಡಿನ ಮೇಣದ ಬ್ಲಾಕ್ ಮತ್ತು ಗಾಜಿನ ಸ್ಲೈಡ್ ಕೇಳಿ ಪಡೆದು ದೊಡ್ಡ ಕೇಂದ್ರದಲ್ಲಿ ಇನ್ನೊಮ್ಮೆ ನೋಡಿಸಿ. ಆಸ್ಪತ್ರೆಯ ಚೀಟಿ ಮಾಡಿಸುವಾಗ ಸಾಂಗ್ಲಿಯ ನೆಂಟರ ವಿಳಾಸ ಕೊಡಬೇಡಿ. ನಿಮ್ಮ ಹಳ್ಳಿ, ತಾಲ್ಲೂಕು, ಜಿಲ್ಲೆ ಪೂರ್ತಿ ಬರೆಸಿ. ಎಷ್ಟು ವರ್ಷದಿಂದ ಅಲ್ಲಿದ್ದೀರಿ ಅಂತ ಕೇಳಿದರೆ ಅದನ್ನೂ ಸರಿಯಾಗಿ ಹೇಳಿ.